ಲೋಕಾಕಾರ: ಅಳತೆಯೂ ಅನುಪ್ರೇಕ್ಷೆಯೂ

ಲೋಕವು ಸಾಂತವೋ ಅನಂತವೋ, ಅದಕ್ಕೊಂದು ಆಕಾರವಿದೆಯೋ ಇಲ್ಲವೋ ಎಂಬ ಪ್ರಶ್ನೆಯು ವಿಚಾರಶೀಲನಾದ ಮಾನವನಷ್ಟೇ ಪ್ರಾಚೀನವಾದುದು. ಜೈನಾಚಾರ್ಯರು ಈ ಪ್ರಶ್ನೆಯನ್ನು ಬದಿಗೆ ಸರಿಸಲಿಲ್ಲ. ಆಕಾಶವು ಅನಂತವೆಂದೂ, ಅದರ ನಡುವೆ ಜೀವಾದಿ ದ್ರವ್ಯಗಳಿಗೆ ಎಡೆಗೊಟ್ಟಿರುವ ಲೋಕಾಕಾಶವು ಮಾತ್ರ ಸಾಂತವೆಂದೂ, ಅದಕ್ಕೆ ನಿಶ್ಚಿತವಾದ ಸಂಸ್ಥಾನವಿದೆಯೆಂದೂ ಅವರು ಸ್ಪಷ್ಟವಾಗಿ ನಿರೂಪಿಸಿದರು. ಕಾಲುಗಳನ್ನು ಅಗಲಿಸಿ, ಸೊಂಟದ ಮೇಲೆ ಕೈಗಳನ್ನಿಟ್ಟು ನಿಂತಿರುವ ಪುರುಷನ ಚಿತ್ರವು ನಮ್ಮ ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಎಲ್ಲರಿಗೂ ಪರಿಚಿತವಾದುದೇ ಆಗಿದೆ.

ಈಚೆಗೆ ಈ ಚಿತ್ರಪಟದ ಕೆಳಗೆ ಒಂದು ಒಕ್ಕಣೆ ಕಾಣಿಸಿಕೊಳ್ಳುತ್ತಿದೆ. ‘ವಿಶ್ವವು ಸಾಂತವಾದುದು, ಅದಕ್ಕೆ ಆಕಾರವಿದೆ ಎಂಬುದನ್ನು ಆಧುನಿಕ ವಿಜ್ಞಾನವೂ ಈಗ ಒಪ್ಪಿದೆ’ ಎಂಬುದು ಅದರ ತಾತ್ಪರ್ಯ. ಪಟದಲ್ಲಿ ಇಲ್ಲದಿದ್ದರೆ ಉಪನ್ಯಾಸದಲ್ಲಿ, ಉಪನ್ಯಾಸದಲ್ಲಿ ಇಲ್ಲದಿದ್ದರೆ ಕಿರುಹೊತ್ತಗೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಹಲವು ವರ್ಷಗಳ ಹಿಂದೆ ಚಾಮರಾಜನಗರದಲ್ಲಿ ದಶಲಕ್ಷಣ ಪರ್ವದ ಒಂದು ಸಂಜೆ ಇದೇ ಮಾತನ್ನು ಸಭೆಯೊಂದರಲ್ಲಿ ಆಡಿದವನು ನಾನೇ. ಗುಂಡ್ಲುಪೇಟೆಯ ಕಡೆಯಿಂದ ಬಂದಿದ್ದ ಒಬ್ಬ ಕಾಲೇಜು ವಿದ್ಯಾರ್ಥಿನಿ ಎದ್ದು ನಿಂತು, ‘ಯಾವ ವಿಜ್ಞಾನಿ, ಯಾವ ವರ್ಷ ಒಪ್ಪಿದರು?’ ಎಂದು ವಿನಯದಿಂದಲೇ ಕೇಳಿದಳು. ನಾನು ಐನ್‌ಸ್ಟೈನರ ಹೆಸರು ಹೇಳಿ ಮುಂದಿನ ವಿಷಯಕ್ಕೆ ಹೋದೆ. ಆಕೆ ಕುಳಿತುಕೊಂಡಳು. ಸಭೆಗೆ ತೃಪ್ತಿಯಾಯಿತು. ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವೆಂಬುದು ಆಕೆಗೂ ತಿಳಿದಿತ್ತು, ನನಗೂ ತಿಳಿದಿತ್ತು. ಪ್ರಕೃತ ಲೇಖನದಲ್ಲಿ ಆ ಮಾತನ್ನು ಪರೀಕ್ಷಿಸಲು ಯತ್ನಿಸಿದ್ದೇನೆ.

ಮೊದಲು ನಮ್ಮ ಗ್ರಂಥಗಳು ಹೇಳುವುದೇನೆಂಬುದನ್ನು ನೋಡೋಣ. ಅಧೋಲೋಕವು ಬೆತ್ತದ ಪೀಠದಂತೆ, ಮಧ್ಯಲೋಕವು ಝಲ್ಲರಿಯಂತೆ, ಊರ್ಧ್ವಲೋಕವು ಮೃದಂಗದಂತೆ ಎಂಬುದು ಪರಂಪರೆಯ ಉಪಮಾನ. ದಿಗಂಬರ ಸಂಪ್ರದಾಯದ ಅಳತೆಯಂತೆ ಲೋಕದ ಒಟ್ಟು ಎತ್ತರ 14 ರಜ್ಜು. ಪೂರ್ವಪಶ್ಚಿಮವಾಗಿ ಬುಡದಲ್ಲಿ ಅಗಲ 7 ರಜ್ಜು. ಮೇಲೇರಿದಂತೆ ಕಿರಿದಾಗುತ್ತ 7 ರಜ್ಜು ಎತ್ತರದಲ್ಲಿ, ಎಂದರೆ ಮಧ್ಯಲೋಕದಲ್ಲಿ, 1 ರಜ್ಜು. ಅಲ್ಲಿಂದ ಹಿಗ್ಗುತ್ತ ಮೂರೂವರೆ ರಜ್ಜು ಮೇಲೆ ಬ್ರಹ್ಮಲೋಕದ ಬಳಿ 5 ರಜ್ಜು. ಮತ್ತೆ ಕುಗ್ಗುತ್ತ ಶಿಖರದಲ್ಲಿ 1 ರಜ್ಜು. ದಕ್ಷಿಣೋತ್ತರವಾಗಿ ಮಾತ್ರ ಎಲ್ಲೆಡೆಯಲ್ಲಿಯೂ 7 ರಜ್ಜು. ಘನೋದಧಿ, ಘನವಾತ, ತನುವಾತಗಳೆಂಬ ಮೂರು ವಲಯಗಳು ಇದನ್ನು ಸುತ್ತುವರಿದಿವೆ. ಅದರಾಚೆಗೆ ಅಲೋಕಾಕಾಶ.

ಈ ಅಳತೆಗಳಿಂದ ಘನಫಲವನ್ನು ಯಾರು ಬೇಕಾದರೂ ಗುಣಿಸಿ ನೋಡಬಹುದು. ಕೆಳಭಾಗದ ಅಗಲ 7 ಮತ್ತು 1, ಸರಾಸರಿ 4. ಅದನ್ನು ಎತ್ತರ 7 ಮತ್ತು ಆಳ 7ರಿಂದ ಗುಣಿಸಿದರೆ 196. ಮೇಲ್ಭಾಗದಲ್ಲಿ 1 ಮತ್ತು 5ರ ಸರಾಸರಿ 3. ಅದನ್ನೂ ಹಾಗೆಯೇ ಗುಣಿಸಿದರೆ 147. ಎರಡನ್ನೂ ಕೂಡಿಸಿದರೆ 343 ಘನರಜ್ಜು. ಇದು 7ರ ಘನ. ರಜ್ಜುವೆಂಬುದು ಅಸಂಖ್ಯಾತ ಯೋಜನಗಳ ಪರಿಮಾಣವಾದುದರಿಂದ ಅದನ್ನು ಕಿಲೋಮೀಟರುಗಳಿಗೆ ಇಳಿಸುವ ಪ್ರಯತ್ನವು ನಿರರ್ಥಕ. ಆದರೆ ಭಾಗಭಾಗಗಳ ಪರಸ್ಪರ ಅನುಪಾತವು ಖಚಿತವಾಗಿದೆ.

ಈ 343ರ ಹಿಂದೆ ಒಂದು ವಾದವಿದೆ. ಅದನ್ನು ನಮ್ಮ ಪಾಠಶಾಲೆಗಳಲ್ಲಿ ಹೇಳಿಕೊಡುವುದಿಲ್ಲ. ಕ್ರಿ.ಶ. 816ರಲ್ಲಿ ವೀರಸೇನಾಚಾರ್ಯರು ಮುಗಿಸಿದ ಧವಲಾ ಟೀಕೆಯಲ್ಲಿ ಅದು ಬರುತ್ತದೆ. ಈ ಗ್ರಂಥದ ಹಳಗನ್ನಡ ಲಿಪಿಯ ತಾಳೆಯೋಲೆಗಳನ್ನು ಮೂಡಬಿದಿರೆಯ ಸಿದ್ಧಾಂತ ಬಸದಿಯು ಶತಮಾನಗಳ ಕಾಲ ಕಾಪಾಡಿತು. 1939ರಿಂದ ಅದು ಸಂಪುಟಗಳಾಗಿ ಅಚ್ಚಾಯಿತು. ಲೋಕವು ಮೃದಂಗದಂತಿದೆ ಎಂದ ಮೇಲೆ ಅದರ ಅಡ್ಡಕೊಯ್ತವು ದುಂಡಗಿರಬೇಕಲ್ಲವೇ ಎಂಬುದು ಪೂರ್ವಪಕ್ಷ. ವೀರಸೇನರು ಆ ಪಕ್ಷವನ್ನು ಬೈದು ತಳ್ಳಲಿಲ್ಲ. ದುಂಡಾದ ಲೋಕವನ್ನು ಕಲ್ಪಿಸಿಕೊಂಡು, ಅದನ್ನು ತುಂಡುತುಂಡಾಗಿ ಕತ್ತರಿಸಿ ಘನಫಲವನ್ನು ಲೆಕ್ಕ ಹಾಕಿದರು. ಬಂದ ಉತ್ತರವು 164 ಘನರಜ್ಜುವಿಗಿಂತ ಸ್ವಲ್ಪವೇ ಹೆಚ್ಚು, ಎಂದರೆ 343ರ ಅರ್ಧಕ್ಕೂ ಕಡಿಮೆ. ಲೋಕವು ಜಗಚ್ಛ್ರೇಣಿಯ, ಅರ್ಥಾತ್ 7 ರಜ್ಜುವಿನ, ಘನವೆಂಬ ಸೂತ್ರಾನುಸಾರಿಯಾದ ವಚನಕ್ಕೆ ಇದು ಹೊಂದುವುದಿಲ್ಲ. ಆದಕಾರಣ ಲೋಕದ ಆಳವು ಎಲ್ಲೆಡೆ 7 ರಜ್ಜುವಾಗಿರಲೇಬೇಕು ಎಂದು ಅವರು ಸಾಧಿಸಿದರು.

ಈ ವಾದದ ಫಲವನ್ನು ಗಮನಿಸಬೇಕು. ಗೋಡೆಯ ಮೇಲೆ ನಾವು ಬರೆಸುವ ಲೋಕಪುರುಷನು ಎದುರುಗಡೆಯ ನೋಟ ಮಾತ್ರ. ವೀರಸೇನರ ಲೋಕವನ್ನು ಪಕ್ಕದಿಂದ ನೋಡಿದರೆ 7 ರಜ್ಜು ಅಗಲ, 14 ರಜ್ಜು ಎತ್ತರದ ನೆಟ್ಟನೆಯ ಆಯತ ಕಾಣಿಸುತ್ತದೆ. ಅಲ್ಲಿ ಸೊಂಟವೂ ಇಲ್ಲ, ಮೊಣಕೈಯೂ ಇಲ್ಲ. ಪುರುಷಾಕಾರವೆಂಬುದು ಉಪಮಾನವೇ ಹೊರತು ಲೋಕವು ಮನುಷ್ಯದೇಹವೆಂದು ಅರ್ಥವಲ್ಲ. ಇನ್ನೊಂದು ಸಂಗತಿಯು ಇದಕ್ಕಿಂತಲೂ ಮಹತ್ತ್ವದ್ದು. ಸೂತ್ರವನ್ನು ಆಶ್ರಯಿಸಿ ಯುಕ್ತಿಯಿಂದ ತಾವು ಸ್ಥಾಪಿಸಿದ ವಿಷಯಗಳಿಗೆ ಈ ಆಯತಚತುರಸ್ರ ಲೋಕವನ್ನೇ ಅವರು ಬೇರೊಂದು ಪ್ರಸಂಗದಲ್ಲಿ ನಿದರ್ಶನವಾಗಿ ನೆನೆದು, ಅಂಥ ಕಡೆ ಇದು ಹೀಗೆಯೇ ಎಂದು ಏಕಾಂತವಾಗಿ ಹಿಡಿದು ದುರಾಗ್ರಹ ಮಾಡಬಾರದೆಂದು ಎಚ್ಚರಿಸುತ್ತಾರೆ. ಲೋಕದ ಆಕಾರದ ಬಗ್ಗೆ ಇಷ್ಟು ಶ್ರಮಪಟ್ಟು ಲೆಕ್ಕ ಹಾಕಿದ ಆಚಾರ್ಯರೇ ಹೀಗೆ ಹೇಳಿದ ಮೇಲೆ, ಒಂದು ಗುಣಾಕಾರವನ್ನೂ ಮಾಡದ ನಮ್ಮಂಥವರು ಹೇಗೆ ಮಾತನಾಡಬೇಕೆಂಬುದು ವಿಚಾರಾರ್ಹ.

ಇನ್ನು ಎಲ್ಲೆಯ ಪ್ರಶ್ನೆ. ಲೋಕವು ಸಾಂತವಾದರೆ ಅದರ ಅಂಚಿನಲ್ಲಿ ನಿಂತವನು ಕೈಚಾಚಿದರೆ ಏನಾಗುತ್ತದೆ? ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞ ಆರ್ಕೈಟಸನು ಇದನ್ನೇ ಕೇಳಿ, ಕೈ ಚಾಚಬಹುದಾದರೆ ಆಚೆಗೂ ಸ್ಥಳವಿದೆ, ಚಾಚಲಾಗದಿದ್ದರೆ ತಡೆಯುವ ವಸ್ತುವೊಂದು ಆಚೆಗಿದೆ, ಹೇಗಾದರೂ ವಿಶ್ವಕ್ಕೆ ಅಂತ್ಯವಿಲ್ಲ ಎಂದು ವಾದಿಸಿದನು. ಶ್ವೇತಾಂಬರ ಆಗಮವಾದ ಭಗವತೀಸೂತ್ರದಲ್ಲಿಯೂ ಇಂಥದೇ ಪ್ರಶ್ನೆಯಿದೆ. ಮಹರ್ದ್ಧಿಕನಾದ ದೇವನು ಲೋಕಾಂತದಲ್ಲಿ ನಿಂತು ಅಲೋಕದೊಳಗೆ ಕೈಚಾಚಬಲ್ಲನೇ? ಆಗದೆಂಬುದೇ ಉತ್ತರ. ತಡೆಗೋಡೆಯಿದೆಯೆಂದು ಅಲ್ಲ, ಅಲೋಕದಲ್ಲಿ ಜೀವವೂ ಇಲ್ಲ, ಪುದ್ಗಲವೂ ಇಲ್ಲ, ಪುದ್ಗಲವಿಲ್ಲದಲ್ಲಿ ಚಲನೆಯೂ ಇಲ್ಲ. ತತ್ತ್ವಾರ್ಥಸೂತ್ರದ ಹತ್ತನೆಯ ಅಧ್ಯಾಯದಲ್ಲಿ ಇದೇ ತತ್ತ್ವವು ಇನ್ನೊಂದು ರೂಪದಲ್ಲಿದೆ. ಊರ್ಧ್ವಗಮನ ಸ್ವಭಾವದ ಮುಕ್ತಜೀವವು ಲೋಕಾಗ್ರದಲ್ಲಿ ನಿಲ್ಲುವುದೇಕೆ ಎಂದರೆ, ಅಲ್ಲಿಂದಾಚೆಗೆ ಗತಿಗೆ ಸಹಕಾರಿಯಾದ ಧರ್ಮಾಸ್ತಿಕಾಯವು ಇಲ್ಲ. ಮೀನಿಗೆ ನೀರಿದ್ದಂತೆ ಗತಿಗೆ ಧರ್ಮದ್ರವ್ಯ. ಕೆರೆಯ ಅಂಚಿನಲ್ಲಿ ಮೀನಿಗೆ ಗೋಡೆ ಅಡ್ಡಬರುವುದಿಲ್ಲ, ನೀರು ಮುಗಿಯುತ್ತದೆ. ಆರ್ಕೈಟಸನ ಇಕ್ಕಟ್ಟಿನಿಂದ ಪಾರಾಗುವ ಸೂಕ್ಷ್ಮವಾದ ದಾರಿಯಿದು. ಸ್ಥಳದ ಅಂತ್ಯ ಬೇರೆ, ಚಲನೆಯ ನಿಬಂಧನೆಯ ಅಂತ್ಯ ಬೇರೆ ಎಂದು ಬಿಡಿಸಿ ಹೇಳಿದ ಕೀರ್ತಿಯು ನಮ್ಮ ಪರಂಪರೆಗೆ ನ್ಯಾಯವಾಗಿಯೇ ಸಲ್ಲುತ್ತದೆ.

ಈಗ ಆಧುನಿಕ ವಿಜ್ಞಾನದ ಕಡೆಗೆ ತಿರುಗೋಣ. ಎಲ್ಲೆಯಿಲ್ಲದಿರುವುದು ಒಂದು, ಅನಂತವಾಗಿರುವುದು ಮತ್ತೊಂದು ಎಂದು 1854ರಲ್ಲಿ ಜರ್ಮನ್ ಗಣಿತಜ್ಞ ರೀಮಾನರು ವಿಂಗಡಿಸಿದರು. ಹರವಿಯ ಹೊರಮೈಮೇಲೆ ಹರಿದಾಡುವ ಇರುವೆಗೆ ಎಲ್ಲಿಯೂ ಅಂಚು ಸಿಗದು. ಆದರೂ ಆ ಮೈಯ ವಿಸ್ತೀರ್ಣಕ್ಕೆ ಮಿತಿಯುಂಟು. 1917ರಲ್ಲಿ ಐನ್‌ಸ್ಟೈನರು ಇದೇ ಬಗೆಯ, ಅಂಚಿಲ್ಲದೆ ಸಾಂತವಾದ, ಕಾಲಕ್ರಮದಲ್ಲಿ ಬದಲಾಗದ ವಿಶ್ವದ ಮಾದರಿಯನ್ನು ಮುಂದಿಟ್ಟರು. ಗೆಲಾಕ್ಸಿಗಳು ದೂರದೂರ ಸರಿಯುತ್ತಿವೆಯೆಂದು 1929ರಲ್ಲಿ ಹಬಲ್ ಪ್ರಕಟಿಸಿದ ಮೇಲೆ, 1931ರಲ್ಲಿ ಐನ್‌ಸ್ಟೈನರೇ ಆ ಮಾದರಿಯನ್ನು ಕೈಬಿಟ್ಟರು. ಎಂದರೆ, ನಾನು ಸಭೆಯಲ್ಲಿ ಆಧಾರವಾಗಿ ತೋರಿಸಿದ ಮಾತನ್ನು ಆಡಿದವರೇ ಹಿಂದಕ್ಕೆ ಪಡೆದು ಆಗಲೇ ಎಷ್ಟೋ ದಶಕಗಳು ಕಳೆದಿದ್ದವು.

ಐನ್‌ಸ್ಟೈನರ ಸಮೀಕರಣಗಳು ಅಲ್ಲಲ್ಲಿನ ವಕ್ರತೆಯನ್ನು ಹೇಳುತ್ತವೆಯೇ ವಿನಾ ಒಟ್ಟು ವಿಶ್ವದ ಸಂಸ್ಥಾನವನ್ನು ನಿರ್ಣಯಿಸುವುದಿಲ್ಲ. ಅದು ಟೋಪಾಲಜಿಯೆಂಬ ಗಣಿತಶಾಖೆಯ ಕ್ಷೇತ್ರ. ಒಂದು ಚಾಪೆಯನ್ನು ಸುರುಳಿ ಮಾಡಿ ಎದುರುಬದಿರಿನ ಅಂಚುಗಳನ್ನು ಸೇರಿಸಿ ಹೊಲಿದೆವೆಂದು ಭಾವಿಸಿರಿ. ಎಲ್ಲಿಯೂ ಹೆಣಿಗೆ ಹಿಗ್ಗಲಿಲ್ಲ, ಕುಗ್ಗಲಿಲ್ಲ. ಅದರ ಮೇಲಿನ ಇರುವೆಯ ಪಾಲಿಗೆ ಪ್ರತಿಯೊಂದು ಚೌಕವೂ ಮೊದಲಿನಂತೆಯೇ ಸಮತಟ್ಟು. ಆದರೂ ಸುತ್ತಿನ ದಿಕ್ಕಿನಲ್ಲಿ ನೇರವಾಗಿ ನಡೆದರೆ ಹೊರಟಲ್ಲಿಗೇ ಬಂದು ಸೇರುತ್ತದೆ. ಇದೇ ರೀತಿಯಲ್ಲಿ ಮೂರು ಆಯಾಮಗಳ ಆಕಾಶವೂ ವಕ್ರತೆಯಿಲ್ಲದೆಯೇ ಎಲ್ಲ ದಿಕ್ಕುಗಳಲ್ಲಿಯೂ ತನ್ನೊಳಗೆ ತಾನು ಮರಳಿ, ಸಾಂತವಾಗಿ, ಅಂಚಿಲ್ಲದೆ ಇರಬಹುದೆಂದು ಗಣಿತವು ತೋರಿಸುತ್ತದೆ.

ಇರಬಹುದು ಎಂಬುದಕ್ಕೂ ಇದೆ ಎಂಬುದಕ್ಕೂ ಅಂತರವಿದೆ. ವಿಶ್ವವು ಹೀಗೆ ಮರಳಿ ಸೇರುವುದಾದರೆ ಬೆಳಕು ಎರಡು ಕಡೆಯಿಂದ ಸುತ್ತಿ ಬಂದು, ವಿಶ್ವದ ಬಾಲ್ಯಕಾಲದ ಮೈಕ್ರೋತರಂಗ ವಿಕಿರಣದ ನಕ್ಷೆಯಲ್ಲಿ ಒಂದಕ್ಕೊಂದು ಹೊಂದುವ ಜೋಡಿ ವೃತ್ತಗಳು ಕಾಣಿಸಬೇಕು. 2003ರಲ್ಲಿ ಫ್ರಾನ್ಸಿನ ಲ್ಯೂಮಿನೆ ಮತ್ತು ಸಂಗಡಿಗರು, ವಿಶ್ವವು ಹನ್ನೆರಡು ಪಂಚಭುಜ ಮುಖಗಳ ಘನವು ಎದುರು ಮುಖಗಳಲ್ಲಿ ಬೆಸೆದುಕೊಂಡಂತೆ ಇರಬಹುದೆಂದು ಸೂಚಿಸಿದರು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಪ್ರಕಟಿಸಿದವು. 2004ರಲ್ಲಿ ಕಾರ್ನಿಶ್, ಸ್ಪರ್ಗೆಲ್, ಸ್ಟಾರ್ಕ್‌ಮನ್ ಮತ್ತು ಕೊಮಾತ್ಸು ಅವರು ಉಪಗ್ರಹದ ನಕ್ಷೆಯಲ್ಲಿ ಅಂಥ ವೃತ್ತಗಳನ್ನು ಹುಡುಕಿ, ಸಿಗಲಿಲ್ಲವೆಂದು ವರದಿ ಮಾಡಿದರು. ಯೂರೋಪಿನ ಪ್ಲಾಂಕ್ ಉಪಗ್ರಹದ ನಕ್ಷೆಗಳಲ್ಲಿಯೂ ಸಿಗಲಿಲ್ಲ. ಆಕಾಶದ ವಕ್ರತೆಯು ಸೊನ್ನೆಗೆ ಅತ್ಯಂತ ಸಮೀಪವೆಂದು ಆ ಅಳತೆಗಳು ತಿಳಿಸಿದವು. ಹಾಗೆಂದು ಸಾಂತತ್ವವು ನಿರಾಕೃತವಾಯಿತೆಂದೂ ಅಲ್ಲ. ಹಿಂದಿನ ಶೋಧನೆಗಳು ಎಲ್ಲ ಸಂಸ್ಥಾನಗಳನ್ನೂ ತಳ್ಳಿಹಾಕಿಲ್ಲ, ಹಲವು ಇನ್ನೂ ಸಾಧ್ಯವೆಂದು 2024ರಲ್ಲಿ ಒಂದು ಅಂತರರಾಷ್ಟ್ರೀಯ ತಂಡವು ತೋರಿಸಿದೆ. ನಮಗೆ ಕಾಣುವ ವಿಶ್ವದ ತ್ರಿಜ್ಯವು ಸುಮಾರು 4,600 ಕೋಟಿ ಜ್ಯೋತಿರ್ವರ್ಷ. ಅದರಾಚೆಗೆ ಇರುವುದು ಸಾಂತವೋ ಅನಂತವೋ ಎಂಬ ಪ್ರಶ್ನೆಗೆ ವಿಜ್ಞಾನವು ಉತ್ತರ ಕೊಟ್ಟಿಲ್ಲ. ಒಪ್ಪಿಗೆಯ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಒಂದು ವೇಳೆ ನಾಳೆ ವಿಶ್ವವು ಸಾಂತವೆಂದೇ ಸಿದ್ಧವಾಯಿತೆನ್ನೋಣ. ಆಗಲೂ ಅದು ನಮ್ಮ ಲೋಕಾಕಾಶವಾಗುವುದಿಲ್ಲ. ಗಣಿತಜ್ಞರ ಸಾಂತ ವಿಶ್ವಕ್ಕೆ ಹೊರಗೆಂಬುದೇ ಇಲ್ಲ; ಲೋಕಕ್ಕೆ ಹೊರಗಿದೆ, ಆ ಹೊರಗು ಅನಂತ. ಆ ವಿಶ್ವಕ್ಕೆ ಅಂಚಿಲ್ಲ, ಮೇಲು ಕೆಳಗುಗಳಿಲ್ಲ, ಶಿಖರವಿಲ್ಲ. ಲೋಕಕ್ಕೆ ಅಂಚಿದೆ, ಶಿಖರವಿದೆ, ಆ ಶಿಖರವು ಮುಕ್ತರ ನೆಲೆ. ಆ ವಿಶ್ವವು ಸುಮಾರು 1,380 ಕೋಟಿ ವರ್ಷಗಳಿಂದ ಹಿಗ್ಗುತ್ತಿದೆ. ಲೋಕವು ಅನಾದಿನಿಧನ, ಅದರ ಸಂಸ್ಥಾನವು ಎಂದೂ ಬದಲಾಗದು. ಸಾಂತ ಎಂಬ ಒಂದು ಶಬ್ದವನ್ನು ಬಿಟ್ಟರೆ ಇವೆರಡಕ್ಕೂ ಸಾಮ್ಯವಿಲ್ಲ. ಶಬ್ದಸಾಮ್ಯದಿಂದ ವಸ್ತುಸಾಮ್ಯವನ್ನು ಹೇಳುವುದು ತರ್ಕದೋಷವೆಂಬುದು ನ್ಯಾಯಶಾಸ್ತ್ರದ ಮೊದಲ ಪಾಠ.

ಇಂಥ ಹೋಲಿಕೆಗಳ ಗತಿಯೇನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯಿದೆ. 1942ರಲ್ಲಿ ಪ್ರೊ. ಜಿ. ಆರ್. ಜೈನ್ ಅವರು ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಭೌತಶಾಸ್ತ್ರದ ಬೆಳಕಿನಲ್ಲಿ ವ್ಯಾಖ್ಯಾನಿಸಿ ಒಂದು ವಿದ್ವತ್ಪೂರ್ಣ ಗ್ರಂಥವನ್ನು ಪ್ರಕಟಿಸಿದರು. ಆ ಶ್ರದ್ಧೆ ಮತ್ತು ಪರಿಶ್ರಮಗಳು ಗೌರವಾರ್ಹ. ಆದರೆ ಅಲ್ಲಿ ಧರ್ಮದ್ರವ್ಯವನ್ನು ಈಥರಿನೊಂದಿಗೆ ಹೊಂದಿಸಲಾಯಿತು. ಬೆಳಕಿನ ವಾಹಕವೆಂದು ಊಹಿಸಿದ್ದ ಈಥರು 1887ರ ಮೈಕಲ್‌ಸನ್ ಮತ್ತು ಮೋರ್ಲಿ ಅವರ ಪ್ರಯೋಗಕ್ಕೆ ಸಿಕ್ಕಿರಲಿಲ್ಲ. 1905ರ ಸಾಪೇಕ್ಷತಾ ಸಿದ್ಧಾಂತಕ್ಕೆ ಅದರ ಅಗತ್ಯವೇ ಇರಲಿಲ್ಲ. ಕಾಲಕ್ರಮದಲ್ಲಿ ಪಠ್ಯಪುಸ್ತಕಗಳಿಂದ ಈಥರು ಮಾಯವಾಯಿತು. ಹಾಗಾದರೆ ಧರ್ಮದ್ರವ್ಯವೂ ಮಾಯವಾಯಿತೇ? ಇಲ್ಲ; ಏಕೆಂದರೆ ಅದು ಎಂದೂ ಈಥರಾಗಿರಲಿಲ್ಲ. ಸ್ವಂತ ಕಾಲಮೇಲೆ ನಿಂತಿದ್ದ ತತ್ತ್ವಕ್ಕೆ ಎರವಲು ಊರುಗೋಲನ್ನು ಕೊಟ್ಟವರು ನಾವು. ಊರುಗೋಲು ಮುರಿದಾಗ ನೋಡುವವರಿಗೆ ತತ್ತ್ವವೇ ಬಿದ್ದಂತೆ ಕಾಣಿಸಿತು.

ಇಷ್ಟು ಹೇಳಿ ಭೂಮಿಯ ವಿಷಯವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಾಗದು. ಮಧ್ಯಲೋಕದ ನಡುವೆ ಒಂದು ಲಕ್ಷ ಯೋಜನ ವ್ಯಾಸದ ವೃತ್ತಾಕಾರದ ಜಂಬೂದ್ವೀಪ, ಅದರ ನಡುವೆ ಮೇರು, ಸುತ್ತ ಲವಣಸಮುದ್ರ, ದ್ವೀಪಕ್ಕೆ ಎರಡು ಸೂರ್ಯ, ಎರಡು ಚಂದ್ರ ಎಂಬುದು ಗ್ರಂಥಗಳ ನಿರೂಪಣೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಭೂಮಿಯು ಇದಲ್ಲ. ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳಲ್ಲಿ ಏಪ್ರಿಲ್ 21ರ ಆಸುಪಾಸಿನ ಮಧ್ಯಾಹ್ನ ನೆಟ್ಟ ಕೋಲಿನ ನೆರಳು ಬುಡದಲ್ಲಿಯೇ ಅಡಗುತ್ತದೆ. ಬೆಂಗಳೂರಿನಲ್ಲಿ ಇದಾಗುವುದು ಮೂರು ನಾಲ್ಕು ದಿನ ತಡವಾಗಿ. ಒಂದೇ ಮಧ್ಯಾಹ್ನ ದೂರದೂರದ ಊರುಗಳಲ್ಲಿ ನೆರಳನ್ನು ಅಳೆದು, ಊರುಗಳ ನಡುವಿನ ಅಂತರದೊಡನೆ ಲೆಕ್ಕ ಹಾಕಿದರೆ ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರೆಂದು ಬರುತ್ತದೆ. 2025ರ ಸೆಪ್ಟೆಂಬರ್ 7ರ ರಾತ್ರಿಯ ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಸರಿದ ನೆರಳಿನ ಅಂಚು ದುಂಡಗಿತ್ತು. ಇವನ್ನು ಕಣ್ಣಾರೆ ಕಂಡ ಮಗುವಿಗೆ ಎರಡೂ ಒಂದೇ ಎಂದು ಹೇಳಿದರೆ ಅದು ನಂಬುವುದಿಲ್ಲ. ನಂಬಬೇಕೆಂದು ಒತ್ತಾಯಿಸುವುದು ನಮ್ಮ ಧರ್ಮವೂ ಅಲ್ಲ.

ಈ ಚರ್ಚೆಯ ನೈತಿಕ ಮುಖವು ಇರುವುದು ಇಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬಿವು ಅವು. ಇವುಗಳಲ್ಲಿ ಕೂಟಲೇಖಕ್ರಿಯೆಯನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುವಾಗ, ಇನ್ನೊಬ್ಬನು ಆಡದ ಮಾತನ್ನು ಅವನು ಆಡಿದನೆಂದು ವಂಚನೆಗಾಗಿ ಬರೆಯುವುದು ಎಂದು ಅರ್ಥ ಹೇಳುತ್ತಾರೆ. ವಿಜ್ಞಾನವು ಆಡದ ಮಾತನ್ನು ವಿಜ್ಞಾನದ ಹೆಸರಿನಲ್ಲಿ ಬಸದಿಯ ಗೋಡೆಗೆ ಬರೆಸುವುದು ಇದಕ್ಕೆ ಎಷ್ಟು ಹತ್ತಿರ ಬರುತ್ತದೆಂಬುದನ್ನು ವಿಶ್ವಸ್ತ ಮಂಡಳಿಗಳವರು ಆಲೋಚಿಸಬೇಕು. ವಂಚನೆಯ ಉದ್ದೇಶವು ಯಾರಿಗೂ ಇರಲಾರದು, ನನಗೂ ಇರಲಿಲ್ಲ. ಧರ್ಮಪ್ರಭಾವನೆಯ ಉತ್ಸಾಹವೇ ಕಾರಣ. ಆದರೆ ಉದ್ದೇಶವು ಒಳ್ಳೆಯದೆಂಬ ಮಾತ್ರದಿಂದ ಅಸತ್ಯವು ಸತ್ಯವಾಗದು. ಇದನ್ನು ನಮಗೆ ಕಲಿಸಿದವರೂ ಆ ಆಚಾರ್ಯರೇ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದರ ತಪೋಭೂಮಿಯೆಂಬುದು ಪರಂಪರೆಯ ನಂಬಿಕೆ. ಆ ಬೆಟ್ಟವನ್ನು ಭಕ್ತಿಯಿಂದ ಹತ್ತಿಳಿಯುವ ನಾವು, ಅವರು ಬರೆದ ಒಂದು ವಾಕ್ಯವನ್ನಾದರೂ ಪಾಲಿಸದಿದ್ದರೆ ಆ ಭಕ್ತಿಗೆ ಅರ್ಥವೇನು?

ಇಲ್ಲಿ ಹಿರಿಯರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ವಿಜ್ಞಾನದ ಹೆಸರು ಹೇಳದಿದ್ದರೆ ಈಗಿನ ಮಕ್ಕಳು ಬಸದಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಅವರ ಕಳವಳ. ಆ ಕಳವಳವು ಸುಳ್ಳಲ್ಲ. ಸಣ್ಣ ಸಮುದಾಯದಲ್ಲಿ ಒಂದು ಮನೆಯ ಮಕ್ಕಳು ದೂರವಾದರೂ ಸಭಾಮಂಟಪ ಬರಿದಾದಂತೆ ತೋರುತ್ತದೆ. ಆದರೆ ಒಕ್ಕಣೆಯನ್ನು ನಂಬಿ ಬಂದ ಮಗು, ಅದು ಸುಳ್ಳೆಂದು ಕಾಲೇಜಿನಲ್ಲಿ ತಿಳಿದ ದಿನ ಏನು ಮಾಡೀತು? ಅದೇ ಗೋಡೆಯ ಮೇಲಿರುವ ಅಹಿಂಸೆಯ ಮಾತನ್ನೂ, ಅಪರಿಗ್ರಹದ ಮಾತನ್ನೂ ಅದೇ ತಕ್ಕಡಿಯಲ್ಲಿ ತೂಗುತ್ತದೆ. ಆಗಮವನ್ನು ಅಲ್ಲಗಳೆಯುವ ಅಧಿಕಾರ ನನಗಿಲ್ಲ. ವಿಜ್ಞಾನವು ಹೇಳದುದನ್ನು ಹೇಳಿತೆನ್ನುವ ಅಧಿಕಾರವೂ ನನಗಿಲ್ಲ. ಎರಡನ್ನೂ ಅವುಗಳ ಅವುಗಳ ಸ್ಥಾನದಲ್ಲಿಟ್ಟು, ಹೊಂದದ ಕಡೆ ಹೊಂದುವುದಿಲ್ಲವೆಂದು ಹೇಳಲು ಪಂಡಿತನಾಗಬೇಕಿಲ್ಲ, ಅಣುವ್ರತಿಯಾದರೆ ಸಾಕು.

ಇನ್ನೊಂದು ಪಕ್ಷವೂ ಇದೆ. ಹೊಂದದಿದ್ದ ಮೇಲೆ ಲೋಕಸ್ವರೂಪವನ್ನು ಹಳೆಯ ಭೂಗೋಳವೆಂದು ಅಟ್ಟಕ್ಕೆ ಹಾಕಿಬಿಡೋಣ ಎನ್ನುವವರು ನಮ್ಮ ವಿದ್ಯಾವಂತರಲ್ಲಿ ಹಲವರಿದ್ದಾರೆ. ಇವರು ಮೊದಲಿನವರಷ್ಟೇ ತಪ್ಪಿದ್ದಾರೆ. ಲೋಕಾಕಾರವು ಗ್ರಂಥಗಳಲ್ಲಿ ಯಾವ ಯಾವ ಸ್ಥಾನಗಳಲ್ಲಿ ಬರುತ್ತದೆಂಬುದನ್ನು ಇಬ್ಬರೂ ನೋಡಿಲ್ಲ. ಅದು ಮೂರು ನಾಲ್ಕನೆಯ ಅಧ್ಯಾಯಗಳಲ್ಲಿ ಮುಗಿದುಹೋಗುವುದಿಲ್ಲ. ಒಂಬತ್ತನೆಯ ಅಧ್ಯಾಯದಲ್ಲಿ, ಸಂವರ ನಿರ್ಜರೆಗಳ ಪ್ರಕರಣದಲ್ಲಿ, ಎರಡು ಸಲ ಮರಳಿ ಬರುತ್ತದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಲೋಕಾನುಪ್ರೇಕ್ಷೆಯು ಒಂದು. ಅದರ ಬೆನ್ನಿಗೇ ಬೋಧಿದುರ್ಲಭ. ಧರ್ಮಧ್ಯಾನದ ನಾಲ್ಕು ಪ್ರಕಾರಗಳಲ್ಲಿ ಕೊನೆಯದು ಸಂಸ್ಥಾನವಿಚಯ, ಎಂದರೆ ಲೋಕದ ಆಕಾರದ ಚಿಂತನೆ. ಆಕಾರವನ್ನು ನೆನೆಯುವುದು ಇಲ್ಲಿ ಮನಸ್ಸನ್ನು ನಿಲ್ಲಿಸುವ ಸಾಧನೆ. ಇಷ್ಟು ವಿಸ್ತಾರವಾದ ಲೋಕದಲ್ಲಿ ನಾನು ಅಲೆಯದ ಎಡೆಯಿಲ್ಲ, ಪಡೆಯದ ಜನ್ಮವಿಲ್ಲ. ಈ ಮನುಷ್ಯಜನ್ಮವೂ ಈ ತಿಳಿವೂ ದೊರಕಿರುವುದು ಎಷ್ಟು ದುರ್ಲಭ ಎಂಬ ಭಾವವು ಮೂಡಿದರೆ ಚಿತ್ರಪಟದ ಕಾರ್ಯವಾಯಿತು. ಕ್ರಿ.ಶ. 1557ರ ಸುಮಾರಿಗೆ ರತ್ನಾಕರವರ್ಣಿಯು ತ್ರಿಲೋಕಶತಕವನ್ನು ಕನ್ನಡದಲ್ಲಿ ರಚಿಸಿದುದೂ ಈ ಪರಂಪರೆಯಲ್ಲಿಯೇ.

ಇದಕ್ಕಿಂತಲೂ ಗಂಭೀರವಾದ ಒಂದು ಮಾತು ಐದನೆಯ ಅಧ್ಯಾಯದಲ್ಲಿದೆ. ಲೋಕಾಕಾಶದ ಪ್ರದೇಶಗಳು ಅಸಂಖ್ಯಾತ. ಒಂದೊಂದು ಜೀವಕ್ಕೂ ಅಷ್ಟೇ ಪ್ರದೇಶಗಳು, ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ. ದೀಪದ ಬೆಳಕು ಕೊಡದೊಳಗೆ ಕೊಡದಷ್ಟು, ಕೋಣೆಯೊಳಗೆ ಕೋಣೆಯಷ್ಟು ಆಗುವಂತೆ ಜೀವವು ತಾನು ಪಡೆದ ದೇಹದಷ್ಟಾಗಿ ಕುಗ್ಗಿ ಹಿಗ್ಗುತ್ತದೆ. ಕೇವಲಿಸಮುದ್ಘಾತದಲ್ಲಿ ಒಂದು ಸಮಯ ಕಾಲ ಅದು ಲೋಕವನ್ನೆಲ್ಲ ತುಂಬುತ್ತದೆ. ಎಂದರೆ ಲೋಕದ ಅಳತೆಯೇ ಜೀವದ ಅಳತೆ. ಇರುವೆಯಲ್ಲಿ ಮುದುಡಿರುವುದೂ ಆನೆಯಲ್ಲಿ ಹರಡಿರುವುದೂ ಲೋಕದಷ್ಟೇ ದೊಡ್ಡದಾದ ಒಂದೊಂದು ಜೀವ. 343 ಘನರಜ್ಜುವಿನ ಲೆಕ್ಕವು ಶ್ರಾವಕನಿಗೆ ಕೊಡುವ ಪಾಠವಿದು. ಇದನ್ನು ಯಾವ ಉಪಗ್ರಹವೂ ಸಿದ್ಧಪಡಿಸಬೇಕಿಲ್ಲ, ಯಾವ ಉಪಗ್ರಹವೂ ಅಲ್ಲಗಳೆಯದು.

ನಮ್ಮ ಜಿಲ್ಲೆಯಲ್ಲಿ ಈ ಪಾಠಕ್ಕೆ ಪ್ರಯೋಗಭೂಮಿಯೂ ಇದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ಮೂಲಕ ಊಟಿಗೂ ವಯನಾಡಿಗೂ ಹೋಗುವ ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಲುಕಿ ವನ್ಯಜೀವಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನು ನಿರ್ಬಂಧಿಸಲಾಯಿತು. 2010ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ವ್ಯಾಪಾರಕ್ಕೆ ತೊಡಕಾಯಿತೆಂದು ಅಸಮಾಧಾನಪಟ್ಟವರಲ್ಲಿ ನಮ್ಮವರೂ ಇದ್ದರು. ಲೋಕಾಕಾರದ ಪಟವನ್ನು ನಿಜವಾಗಿ ಓದಿದವನು ಆ ಒಂಬತ್ತು ಗಂಟೆಗಳ ವಿಳಂಬವನ್ನು ನಷ್ಟವೆಂದು ಎಣಿಸಲಾರನು. ಚಾಮರಾಜನಗರದ ಹಿಂದಿನ ಹೆಸರು ಅರಕೊಠಾರ. ಅಲ್ಲಿ 1117ರಲ್ಲಿ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಶಾಸನವು ಅವನ ನೀಲಗಿರಿಯ ವಿಜಯವನ್ನು ಹೊಗಳಿದ ಮೇಲೆ ಇನ್ನೊಂದನ್ನೂ ನೆನೆಯುತ್ತದೆ. ಕೆಟ್ಟುಹೋದ ವರ್ತಕನಿಗೂ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೂ, ಅಧಿಕಾರ ಕಳೆದುಕೊಂಡ ಬೇಡರ ನಾಯಕನಿಗೂ ಅವರವರು ಕಳೆದುಕೊಂಡುದನ್ನು ಕೊಟ್ಟು ಸಲಹಿದನೆಂಬುದು ಅದರ ಸಾರ. ಯುದ್ಧ ಮಾಡಿದ ದಂಡನಾಯಕನೂ ಸೋತವನ ಬೀಜದ ಚಿಂತೆ ಮಾಡಿದನೆಂಬುದನ್ನು ಬಸದಿಯ ಕಲ್ಲು ನೆನಪಿಟ್ಟಿದೆ. ಬಸದಿಯ ಬರಹಕ್ಕೆ ಅಂಥ ಬೆಲೆಯಿದೆ. ಆದುದರಿಂದಲೇ ಅಲ್ಲಿ ಬರೆಯುವ ಪ್ರತಿಯೊಂದು ಸಾಲೂ ನಿಜವಾಗಿರಬೇಕು.

ವಿಶ್ವಸ್ತರಲ್ಲಿ ನನ್ನ ವಿಜ್ಞಾಪನೆಯು ಸರಳವಾದುದು. ಲೋಕಪುರುಷನ ಪಟವು ಇರಲಿ. ಅದರ ಕೆಳಗಿನ ಆ ಒಂದು ಸಾಲನ್ನು ಅಳಿಸಿರಿ. ಆ ಜಾಗದಲ್ಲಿ ಇದು ಯಾವ ಗ್ರಂಥದ ಪ್ರಕಾರ ಎಂದು ಬರೆಯಿಸಿರಿ. ಪಕ್ಕದಲ್ಲಿ ವೀರಸೇನರ ಆಯತಾಕಾರದ ಪಾರ್ಶ್ವನೋಟವನ್ನೂ 343ರ ಗುಣಾಕಾರವನ್ನೂ ತೋರಿಸಿದರೆ ಮಕ್ಕಳು ತಾವೇ ಲೆಕ್ಕ ಹಾಕಿ ನೋಡಬಹುದು. ಖಗೋಳ ವಿಜ್ಞಾನವನ್ನು ಪರಿಚಯಿಸುವ ಆಸೆಯಿದ್ದರೆ ಬೇರೊಂದು ಫಲಕದಲ್ಲಿ, ಅದರದೇ ಮಾತಿನಲ್ಲಿ ಪರಿಚಯಿಸಿರಿ. ಎರಡರ ನಡುವೆ ಸುಳ್ಳು ಸೇತುವೆ ಬೇಡ.

ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಈ ಪತ್ರಿಕೆಯು ಆಕೆಯ ಮನೆಗೆ ಬರುತ್ತಿದ್ದರೆ ಅಂದು ಕೊಡದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ಯಾವ ವಿಜ್ಞಾನಿಯೂ, ಯಾವ ವರ್ಷವೂ ಹಾಗೆ ಒಪ್ಪಿಲ್ಲ. ನಾನು ತಪ್ಪು ಹೇಳಿದೆ. ಮಿಚ್ಛಾ ಮೇ ದುಕ್ಕಡಂ.